ಚೆಂಡು ಹಿಡಿದುಕೊಂಡು ಓಡುವ ಹಾಗಿಲ್ಲ: ಲಾರೆನ್ಸ್‌ನ ಎರಡು ದಿನದ ಶಿಬಿರ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಕರೆದುಕೊಂಡು ಹೋದ ಜಾಗಗಳಿಗೆ ಐದು. ಭಾನುವಾರ ಮಧ್ಯಾಹ್ನ ನಮ್ಮ ಕೈಯಲ್ಲೇ ಆಟ ಆಡಿಸಿದರಲ್ಲ, ಅದಕ್ಕೂ ಐದು. ಆದರೆ ಕೈಗೆ ಕೊಟ್ಟ ಪಾಠದ ಪುಸ್ತಿಕೆಗೆ ಎರಡರ ಮೇಲೆ ಕೊಡಲು ಮನಸ್ಸು ಬರುತ್ತಿಲ್ಲ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡದ ವಿಶ್ವಾಸಿಗಳು ಕೆಲವರು ಈ ಶಿಬಿರಕ್ಕೆ ಹೋಗಬಹುದಾ, ಮಕ್ಕಳನ್ನು ಕಳಿಸಬಹುದಾ ಅಂತ ನನ್ನನ್ನು ಕೇಳಿದ್ದಾರೆ.

ಶಿಬಿರದ ವಿಷಯ ಇಷ್ಟು. ಕಾಲೇಜು ಬಾಸ್ಕೆಟ್‌ಬಾಲ್‌ನಿಂದ ಕ್ರೈಸ್ತ ನಂಬಿಕೆಗೆ ಏನು ಕಲಿಯಬಹುದು ಅಂತ ಒಂದು ಚರ್ಚ್ ಸಭೆಯ ಯುವಜನರ ವಿಭಾಗದವರು ಎರಡು ದಿನದ ಕಾರ್ಯಕ್ರಮ ಮಾಡುತ್ತಾರೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ. ಕಾನ್ಸಾಸ್ ಸಿಟಿಯಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಶನಿವಾರ ಬೆಳಗ್ಗೆ ಡಿಬ್ರೂಸ್ ಸೆಂಟರ್, ಸಂಜೆ ಕಾನ್ಸಾಸ್ ವಿಶ್ವವಿದ್ಯಾಲಯದ ಒಳಾಂಗಣವಾದ ಅಲೆನ್ ಫೀಲ್ಡ್‌ಹೌಸ್‌ನಲ್ಲಿ ಒಂದು ಪಂದ್ಯ, ಭಾನುವಾರ ಆರಾಧನೆ, ಆಮೇಲೆ ಆಟ. ಜೊತೆಗೆ ಹನ್ನೆರಡು ಪಾಠಗಳ ಒಂದು ಪುಸ್ತಿಕೆ. ನಡೆಸಿದವರ ಹೆಸರು ಹಾಕುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಮತ್ತು ಇಲ್ಲಿ ಬರೆದಿದ್ದನ್ನೇ ಅವರಿಗೂ ಬರೆದು ಕಳಿಸಿದ್ದೇನೆ.

ಲಾರೆನ್ಸ್ ಯಾಕೆ ಅಂತ ಗೊತ್ತಿಲ್ಲದವರಿಗೆ: ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕೊನೆಯ ನಾಲ್ಕು ದಶಕ ಬದುಕಿದ ಊರು ಇದು. ಅವರ ಸಮಾಧಿಯೂ ಇಲ್ಲೇ ಇದೆ. ಆಟ ಹುಟ್ಟಿದ್ದು ಮಾತ್ರ ಇಲ್ಲಲ್ಲ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1891ರ ಡಿಸೆಂಬರ್‌ನಲ್ಲಿ, ವೈಎಂಸಿಎ ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲು ಆಗದೆ ಹುಡುಗರು ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತಿದ್ದರು, ಮೇಷ್ಟ್ರುಗಳ ಮಾತು ಕೇಳುತ್ತಿರಲಿಲ್ಲ. ಎರಡು ವಾರದಲ್ಲಿ ಏನಾದರೂ ಹೊಸ ಆಟ ಮಾಡು ಅಂತ ನೈಸ್ಮಿತ್‌ಗೆ ಅವರ ಮೇಲಿನವರು ಹೇಳಿದರು. ಆಗ ಅವರಿಗೆ ಮೂವತ್ತು ವಯಸ್ಸು. ಕೆನಡಾದ ರೈತ ಹುಡುಗ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಟೈಫಾಯ್ಡ್‌ಗೆ ಕಳೆದುಕೊಂಡವರು, ಓದು ಅರ್ಧಕ್ಕೆ ಬಿಟ್ಟು ಮರ ಕಡಿಯುವ ಕೆಲಸ ಮಾಡಿ ಮತ್ತೆ ಶಾಲೆಗೆ ಬಂದವರು, ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿ ಪಾದ್ರಿ ಆಗಬೇಕಿತ್ತು. ಆಗ ಆಗಲಿಲ್ಲ, ದೀಕ್ಷೆ ಪಡೆದದ್ದು ಎಷ್ಟೋ ವರ್ಷದ ಮೇಲೆ, 1916ರಲ್ಲಿ. ಆಟದ ಮೈದಾನದಲ್ಲೂ ಹುಡುಗರನ್ನು ದೇವರ ಕಡೆ ತಿರುಗಿಸಬಹುದು ಅಂತ ಅವರಿಗೆ ಅನಿಸಿತ್ತು. ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿಯಂಥ ಆಟ) ಆಡುವಾಗ ಪಕ್ಕದ ಆಟಗಾರ ಸಿಟ್ಟಿನಲ್ಲಿ ಕೆಟ್ಟ ಮಾತು ಆಡಿ, ತಕ್ಷಣ ತಿರುಗಿ ನೋಡಿ ನೈಸ್ಮಿತ್‌ಗೆ ಕ್ಷಮೆ ಕೇಳಿದನಂತೆ, ನೀನು ಇಲ್ಲೇ ಇರುವುದು ಮರೆತೆ ಅಂತ. ಪ್ರಸಂಗ, ಬೋಧನೆ ಏನೂ ಮಾಡದೆ ಒಬ್ಬ ಮನುಷ್ಯ ಸುಮ್ನೆ ಪಕ್ಕದಲ್ಲಿ ನಿಂತಿದ್ದಕ್ಕೇ ಇನ್ನೊಬ್ಬನಿಗೆ ನಾಲಿಗೆ ಹಿಡಿಯಬೇಕು ಅನಿಸಿತು. ಇಂಥ ಸಾಕ್ಷಿ ನಮ್ಮ ಆಫೀಸುಗಳಲ್ಲಿ ನಮಗೆ ಇದೆಯಾ ಅಂತ ನಾನು ಆ ಇಡೀ ಬೆಳಗ್ಗೆ ಯೋಚಿಸುತ್ತಿದ್ದೆ.

ಡಿಬ್ರೂಸ್ ಸೆಂಟರ್ ಫೀಲ್ಡ್‌ಹೌಸ್‌ಗೆ ಅಂಟಿಕೊಂಡೇ ಇದೆ. 2016ರಲ್ಲಿ ತೆರೆದದ್ದು. ಒಳಗೆ ಹೋಗಿ ನೋಡಲು ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಆಟದ ಮೂಲ ಹದಿಮೂರು ನಿಯಮಗಳ ಹಾಳೆ ಇಟ್ಟಿದ್ದಾರೆ. 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 43 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಗೆ ಡೇವಿಡ್ ಬೂತ್ ಅನ್ನುವ ಕಾನ್ಸಾಸ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ಕೊಂಡು ತಂದದ್ದು. ಅಷ್ಟು ಬೆಲೆ ಕೇಳಿ ನಾನು ಏನೋ ದೊಡ್ಡದನ್ನು ಕಲ್ಪಿಸಿಕೊಂಡಿದ್ದೆ. ನೋಡಿದರೆ ಎರಡೇ ಹಾಳೆ. ಹಳದಿಗೆ ತಿರುಗಿದ ಕಾಗದ, ಟೈಪ್ ಮಾಡಿದ ಸಾಲುಗಳು, ಇಂಕಿನಲ್ಲಿ ತಿದ್ದಿದ ಗುರುತು, ಕೆಳಗೆ ಸಹಿ. ಹುಡುಗರು ಓದಿ ಕಲಿಯಲಿ ಅಂತ ವ್ಯಾಯಾಮಶಾಲೆಯಲ್ಲಿ ತೂಗುಹಾಕಿದ್ದ ಕಾಗದ ಅದು. ನೋಟೀಸು ಅಷ್ಟೇ.

ನಾನು ಅಲ್ಲಿ ನಲವತ್ತು ನಿಮಿಷ ನಿಂತೆ. ಗುಂಪು ಮುಂದೆ ಹೋಯಿತು, ಎರಡು ಸಲ ಕರೆದರು, ಆಮೇಲೆ ಬಿಟ್ಟರು.

ಮೂರನೇ ನಿಯಮ ಓದಿ. ಚೆಂಡು ಹಿಡಿದವನು ಅದನ್ನು ಹಿಡಿದುಕೊಂಡು ಓಡುವ ಹಾಗಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಆಗಿನ್ನೂ ಚೆಂಡು ಪುಟಿಸುತ್ತಾ ಓಡುವುದು ಇರಲೇ ಇಲ್ಲ. ನೈಸ್ಮಿತ್ ಲೆಕ್ಕ ಸರಳ: ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ನಿಲ್ಲಿಸಬೇಕು ಅಂದರೆ ಅವನನ್ನು ಕೆಡವಲೇಬೇಕು, ಓಡಲೇ ಬಿಡದಿದ್ದರೆ ಕೆಡವುವ ಕಾರಣವೇ ಇಲ್ಲ. ಒರಟುತನವನ್ನು ಶಿಕ್ಷೆಯಿಂದ ನಿಲ್ಲಿಸುವ ಬದಲು ಅದರ ಬೇರನ್ನೇ ತೆಗೆದರು. ಬೇರು ಯಾವುದು? ಸಿಕ್ಕಿದ್ದೆಲ್ಲ ನನ್ನದು, ನಾನೇ ಒಬ್ಬನೇ ಕೊನೆತನಕ ಒಯ್ಯುತ್ತೇನೆ ಅನ್ನುವುದು. ಬುಟ್ಟಿಯನ್ನು ಹತ್ತು ಅಡಿ ಮೇಲೆ, ಬಾಯಿ ಆಕಾಶಕ್ಕೆ ಮಾಡಿ ಕಟ್ಟಿಸಿದ್ದೂ ಅದೇ ಯೋಚನೆಯಿಂದ. ಜೋರಾಗಿ ಬೀಸಿ ಹೊಡೆದರೆ ಚೆಂಡು ಒಳಗೆ ಬೀಳುವುದಿಲ್ಲ, ಮೆತ್ತಗೆ ಕಮಾನಿನ ಹಾಗೆ ಎತ್ತಿ ಹಾಕಬೇಕು. (ಹತ್ತು ಅಡಿ ಯಾಕೆ ಅಂದರೆ ಆ ಕಟ್ಟಡದ ಮೇಲಂಕಣದ ಕಟಕಟೆ ಅಷ್ಟು ಎತ್ತರಕ್ಕಿತ್ತು, ಅಲ್ಲಿಗೇ ಪೀಚ್ ಹಣ್ಣಿನ ಬುಟ್ಟಿಗೆ ಮೊಳೆ ಹೊಡೆದರು. ಇವತ್ತಿಗೂ ಎತ್ತರ ಅಷ್ಟೇ.)

ಅದೇ ಮೂರನೇ ನಿಯಮದ ಕೊನೆಗೆ ಇನ್ನೊಂದು ಮಾತಿದೆ. ಜೋರಾಗಿ ಓಡುತ್ತಿರುವಾಗಲೇ ಚೆಂಡು ಕೈಗೆ ಬಂದರೆ, ಅವನು ನಿಲ್ಲಲು ಪ್ರಯತ್ನ ಮಾಡುತ್ತಿದ್ದರೆ, ಸ್ವಲ್ಪ ವಿನಾಯಿತಿ ಕೊಡಬೇಕು. ನಿಂತಿದ್ದರೆ ಅಲ್ಲ, ನಿಲ್ಲಲು ಪ್ರಯತ್ನ ಮಾಡುತ್ತಿದ್ದರೆ! ನಿಯಮ ಬರೆಯುವ ಕೈಯೇ ಕೃಪೆಗೂ ಒಂದು ಸಾಲು ಬಿಟ್ಟಿದೆ. ಐದನೆಯದೂ ಹಾಗೇ. ತಳ್ಳಿದರೆ, ಹೊಡೆದರೆ ಮೊದಲ ಸಲ ಫೌಲ್, ಎರಡನೇ ಸಲ ಹೊರಗೆ, ಆದರೆ ಮುಂದಿನ ಗೋಲು ಆಗುವ ತನಕ ಮಾತ್ರ ಹೊರಗೆ. ಆಮೇಲೆ ಬಾ, ಆಡು. ಬೇಕಂತಲೇ ಇನ್ನೊಬ್ಬನಿಗೆ ಗಾಯ ಮಾಡಲು ಹೋದವನಿಗೆ ಮಾತ್ರ ಪೂರ್ತಿ ಆಟ ಇಲ್ಲ, ಅವನ ಬದಲಿಗೆ ಬೇರೆಯವನೂ ಇಲ್ಲ. ನಮ್ಮ ಸಭೆಗಳಲ್ಲಿ ತಪ್ಪು ಮಾಡಿದ ಹುಡುಗನನ್ನು ನಾವು ಎಷ್ಟು ಗೋಲು ಆಗುವ ತನಕ ಹೊರಗೆ ಕೂರಿಸುತ್ತೇವೆ? ನನಗೆ ಗೊತ್ತಿರುವ ಒಬ್ಬ ಹುಡುಗ ಏಳು ವರ್ಷದಿಂದ ಹೊರಗೇ ಇದ್ದಾನೆ.

ಈಗ ಪುಸ್ತಿಕೆಯ ವಿಷಯ. ಈ ಹಾಳೆಯನ್ನು ಕಣ್ಣೆದುರು ಇಟ್ಟುಕೊಂಡು, ಅದರ ಬಗ್ಗೆ ಪುಸ್ತಿಕೆ ಹೇಳಿದ್ದು ಒಂದೇ ಪ್ಯಾರಾ. ಶಿಸ್ತು ಇದ್ದರೆ ಗೆಲುವು, ಅಷ್ಟೇ. ಎರಡನೇ ಪಾಠ, ಪ್ರಾರ್ಥನೆ ಇದ್ದರೆ ಗೆಲುವು. ಐದನೇ ಪಾಠ, ನಂಬಿಕೆ ಬಿಡದಿದ್ದರೆ ಗೆಲುವು. ಹನ್ನೆರಡೂ ಪಾಠ ಹೀಗೇ ಕಪ್ ಎತ್ತಿ ಹಿಡಿಯುವಲ್ಲಿಗೆ ಬಂದು ನಿಲ್ಲುತ್ತವೆ. ನನಗೆ ಇದು ಒಪ್ಪಿಗೆ ಆಗಲಿಲ್ಲ, ಮತ್ತು ಈ ಆಟವನ್ನೇ ನೋಡಿದರೂ ಇದು ಒಪ್ಪುವ ಮಾತಲ್ಲ. ಮಾರ್ಚ್ ತಿಂಗಳಲ್ಲಿ ನಡೆಯುವ, ಅಮೆರಿಕದ ಕಾಲೇಜು ತಂಡಗಳ ಎನ್‌ಸಿಎಎ ಪಂದ್ಯಾವಳಿಗೆ 68 ತಂಡಗಳು ಬರುತ್ತವೆ. ಒಂದು ಸಲ ಸೋತರೆ ಮನೆಗೆ. ಅಂದರೆ ಕೊನೆಗೆ ಒಂದು ತಂಡ ಬಿಟ್ಟು ಉಳಿದ 67 ತಂಡಗಳೂ ಆ ವರ್ಷದ ಕೊನೆಯ ಆಟ ಸೋತೇ ಹೋಗುತ್ತವೆ. ಆ 67 ತಂಡಗಳಲ್ಲಿ ಪ್ರಾರ್ಥನೆ ಮಾಡಿದವರು ಇರಲಿಲ್ಲವಾ? ಹದಿನಾರು ವರ್ಷದ ಹುಡುಗನ ಕೈಗೆ ಈ ಪುಸ್ತಿಕೆ ಕೊಟ್ಟರೆ, ಮೊದಲ ಸಲ ಅವನು ಏನಾದರೂ ಕಳೆದುಕೊಂಡಾಗ ದೇವರು ತನ್ನನ್ನು ಕೈಬಿಟ್ಟ ಅಂತಲೇ ಓದಿಕೊಳ್ಳುತ್ತಾನೆ. ಇದು ನನಗೆ ಸಣ್ಣ ವಿಷಯ ಅಲ್ಲ.

ಇನ್ನೊಂದು ಹೇಳಬೇಕು. ನೈಸ್ಮಿತ್ 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದಿದ್ದು ಚಾಪೆಲ್ ನಡೆಸಲು ಮತ್ತು ವ್ಯಾಯಾಮ ಕಲಿಸಲು. ತಂಡದ ಮೊದಲ ಕೋಚ್ ಕೂಡ ಅವರೇ. ಅವರ ಲೆಕ್ಕ 55 ಗೆಲುವು, 60 ಸೋಲು. ಗೆಲುವಿಗಿಂತ ಸೋಲು ಜಾಸ್ತಿ ಇರುವ ಕೋಚ್ ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಅವರೊಬ್ಬರೇ. ಆದರೂ ಫೀಲ್ಡ್‌ಹೌಸ್‌ನ ಅಂಗಳಕ್ಕೆ ಅವರ ಹೆಸರೇ ಇಟ್ಟಿದ್ದಾರೆ, ಹೊರಗಿನ ರಸ್ತೆಗೂ ಅವರದೇ ಹೆಸರು. ಪುಸ್ತಿಕೆಯಲ್ಲಿ ಈ 55–60 ಎಲ್ಲೂ ಇಲ್ಲ. ನನಗೆ ಇಡೀ ಊರಿನಲ್ಲಿ ಬಹಳ ಸಮಾಧಾನ ಕೊಟ್ಟ ಅಂಕಿ ಅದೇ.

ವರ್ಜೀನಿಯಾ ತಂಡದ ಕಥೆ ಆರನೇ ಪಾಠದಲ್ಲಿದೆ, ಅಲ್ಲೂ ಹೀಗೇ ಆಗಿದೆ. 2018ರಲ್ಲಿ ಮೊದಲನೇ ಶ್ರೇಯಾಂಕದ ವರ್ಜೀನಿಯಾ, ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಅನ್ನುವ ಸಣ್ಣ ತಂಡಕ್ಕೆ 74–54ರಲ್ಲಿ ಸೋತಿತು. ಪುರುಷರ ಪಂದ್ಯಾವಳಿಯಲ್ಲಿ ಅಂಥ ಸೋಲು ಅದಕ್ಕೂ ಮುಂಚೆ ಆಗಿಯೇ ಇರಲಿಲ್ಲ. ಮುಂದಿನ ವರ್ಷ ಅದೇ ತಂಡ ಟೆಕ್ಸಸ್ ಟೆಕ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 85–77ಕ್ಕೆ ಗೆದ್ದು ಕಪ್ ತಂದಿತು. ಪುಸ್ತಿಕೆ ಹೇಳುವುದು, ನೋಡಿ, ಸಹಿಸಿದವರಿಗೆ ಬಹುಮಾನ. ನಾನು ನೋಡಿದ್ದು ಬೇರೆ. ಸೋತ ಆ ರಾತ್ರಿಯೇ ಕೋಚ್ ಟೋನಿ ಬೆನೆಟ್ ಮೈಕ್ ಮುಂದೆ ಬಂದು ಕೂತು, ಅವರು ನಮಗಿಂತ ಚೆನ್ನಾಗಿ ಆಡಿದರು ಅಂತ ನೇರವಾಗಿ ಒಪ್ಪಿಕೊಂಡರು. ನೆಪ ಹೇಳಲಿಲ್ಲ. ಬೆನೆಟ್ ತಮ್ಮ ನಂಬಿಕೆಯನ್ನು ಮುಚ್ಚಿಡುವವರಲ್ಲ, ತಂಡಕ್ಕೆ ಅವರು ಇಟ್ಟಿದ್ದ ಐದು ಕಂಬಗಳಲ್ಲಿ ಮೊದಲನೆಯದೇ ದೀನತೆ. ಆಮೇಲೆ ಉತ್ಸಾಹ, ಒಗ್ಗಟ್ಟು, ಸೇವೆ, ಕೃತಜ್ಞತೆ. ಐದರಲ್ಲಿ ಗೆಲುವು ಅನ್ನುವ ಕಂಬ ಇಲ್ಲ. ಕಪ್ ಬರದಿದ್ದರೂ ಆ ರಾತ್ರಿಯ ಮಾತು ಅಷ್ಟೇ ಸತ್ಯ ಆಗಿರುತ್ತಿತ್ತು ಅಲ್ವಾ? ಶನಿವಾರದ ಚರ್ಚೆಯಲ್ಲಿ ನಾನು ಇದನ್ನು ಹೇಳಿದೆ. ನಡೆಸುತ್ತಿದ್ದವರು ಸಮಯ ಆಯಿತು, ಬಸ್ ಕಾಯುತ್ತಿದೆ ಅಂದರು. ಬಸ್ ಆಮೇಲೆ ಅರ್ಧ ಗಂಟೆ ತಡವಾಗಿ ಬಂತು.

ಸಂಜೆಯ ಪಂದ್ಯದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅಲೆನ್ ಫೀಲ್ಡ್‌ಹೌಸ್ 1955ರ ಮಾರ್ಚ್ 1ರಂದು ತೆರೆದ ಕಟ್ಟಡ, ಹೊರಗಿನಿಂದ ದೊಡ್ಡ ಕಲ್ಲಿನ ಗೋದಾಮಿನ ಹಾಗೆ ಕಾಣುತ್ತದೆ. ನೈಸ್ಮಿತ್‌ರ ಶಿಷ್ಯ, ಅವರ ನಂತರ ಕೋಚ್ ಆಗಿ 39 ವರ್ಷ ತಂಡ ನಡೆಸಿದ ಫಾಗ್ ಅಲೆನ್ ಹೆಸರು. 2017ರಲ್ಲಿ ಇಲ್ಲಿ 130.4 ಡೆಸಿಬೆಲ್ ಗದ್ದಲ ಅಳೆದು ಗಿನ್ನೆಸ್ ದಾಖಲೆ ಮಾಡಿದ್ದಾರೆ. ಎದುರಾಳಿ ಆಟಗಾರರ ಹೆಸರು ಕರೆಯುವಾಗ ವಿದ್ಯಾರ್ಥಿಗಳು ಕಾಲೇಜಿನ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಓದುವ ಹಾಗೆ ನಿಲ್ಲುತ್ತಾರೆ, ತಮ್ಮ ತಂಡ ಬಂದ ತಕ್ಷಣ ಅದನ್ನೇ ಚೂರು ಚೂರು ಹರಿದು ಮೇಲಕ್ಕೆ ತೂರುತ್ತಾರೆ. ನನ್ನ ಪಕ್ಕ ಕೂತಿದ್ದ ಅಜ್ಜ ತನ್ನ ಪೇಪರ್‌ನಲ್ಲಿ ಅರ್ಧ ಹರಿದು ನನಗೆ ಕೊಟ್ಟರು. ಪರಿಚಯ ಇಲ್ಲ, ಹೆಸರು ಕೇಳಲಿಲ್ಲ. ಮೊದಲ ಸಲ ಬಂದವನು ಸುಮ್ಮನೆ ಕೂತು ನೋಡಬಾರದು, ಅವನ ಕೈಯಲ್ಲೂ ತೂರಲು ಏನಾದರೂ ಇರಬೇಕು ಅಂತ ಅವರಿಗೆ ಗೊತ್ತಿತ್ತು. ನಮ್ಮ ಸಭೆಗೆ ಹೊಸಬರು ಬಂದಾಗ ಹಾಡಿನ ಪುಸ್ತಕದ ಪುಟ ತೆಗೆದು ಕೈಗೆ ಕೊಡುವವರು ಎಷ್ಟು ಜನ?

ಆದರೆ ನಾನು ಆ ಸಂಜೆ ಜಾಸ್ತಿ ನೋಡಿದ್ದು ಬೆಂಚಿನ ತುದಿಯನ್ನು. ವಾಕ್-ಆನ್ ಅಂತ ಕರೆಯುತ್ತಾರೆ, ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಿದ ಹುಡುಗರು. ದಿನಾ ಅಭ್ಯಾಸಕ್ಕೆ ಬರುತ್ತಾರೆ, ಮುಂದಿನ ಎದುರಾಳಿ ಹೇಗೆ ಆಡುತ್ತಾನೋ ಹಾಗೆ ಆಡಿ ತೋರಿಸಿ ಮುಖ್ಯ ಆಟಗಾರರನ್ನು ತಯಾರು ಮಾಡುತ್ತಾರೆ, ಪಂದ್ಯದ ದಿನ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬ ಹುಡುಗ ಇದ್ದ. ಯಾರಾದರೂ ಸುಸ್ತಾಗಿ ಹೊರಗೆ ಬಂದರೆ ಮೊದಲು ಎದ್ದು ಟವಲ್ ಕೊಡುವವನು ಅವನು. ತಂಡದವನು ಕೆಳಗೆ ಬಿದ್ದರೆ ಕೂತಲ್ಲೇ ಅರ್ಧ ಎದ್ದು ಕೈ ಚಾಚುವವನು, ಕೈ ಮುಟ್ಟುವಷ್ಟು ಹತ್ತಿರ ಇಲ್ಲದಿದ್ದರೂ. ಮೂವತ್ತೆಂಟು ನಿಮಿಷಕ್ಕಿಂತ ಜಾಸ್ತಿ ಹೀಗೇ. ಪಂದ್ಯ ಕೈಗೆ ಸಿಕ್ಕ ಮೇಲೆ ಕೊನೆಯ ನಿಮಿಷದಲ್ಲಿ ಕೋಚ್ ಅವನನ್ನು ಒಳಗೆ ಕಳಿಸಿದರು. ಆಗ ಎದ್ದ ಸದ್ದು ಇದೆಯಲ್ಲ, ಪಂದ್ಯದ ಯಾವ ಬುಟ್ಟಿಗೂ ಅಷ್ಟು ಎದ್ದಿರಲಿಲ್ಲ. ಕಣ್ಣು ಕೈಗೆ ನೀನು ನನಗೆ ಬೇಡ ಅನ್ನಲು ಆಗದು ಅಂತ ಪೌಲನು ಕೊರಿಂಥದವರಿಗೆ ಬರೆದಿದ್ದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಮಾನ ಕಡಿಮೆ ಅಂತ ಎಣಿಸುವ ಅಂಗಕ್ಕೇ ಹೆಚ್ಚು ಮಾನ ಕೊಡುತ್ತೇವೆ ಅನ್ನುತ್ತಾನಲ್ಲ, ಅದನ್ನು ಹದಿನೈದು ಸಾವಿರಕ್ಕೂ ಜಾಸ್ತಿ ಜನ ಒಟ್ಟಿಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಪಂದ್ಯದಲ್ಲಿ ಇನ್ನೊಂದು ಗಮನಿಸಿ. ಬುಟ್ಟಿಗೆ ಹಾಕಿದವನು ವಾಪಸ್ ಓಡುವಾಗ ಒಂದು ಬೆರಳು ತೋರಿಸುತ್ತಾನೆ, ತನಗೆ ಚೆಂಡು ಕೊಟ್ಟವನ ಕಡೆಗೆ. ಇದನ್ನು ರೂಢಿಗೆ ತಂದವರು ಡೀನ್ ಸ್ಮಿತ್, ನಾರ್ತ್ ಕೆರೊಲಿನಾದ ಕೋಚ್. ಅವರು ಕಾನ್ಸಾಸ್‌ನವರೇ, ಫಾಗ್ ಅಲೆನ್‌ರ 1952ರ ಕಪ್ ಗೆದ್ದ ತಂಡದಲ್ಲಿ ಬೆಂಚಿನ ಮೇಲೆ ಇದ್ದ ಹುಡುಗ. ಅಂಕ ನನ್ನ ಹೆಸರಿಗೆ ಬರೆಯುತ್ತಾರೆ, ಆದರೆ ಕೊಟ್ಟವನು ಅಲ್ಲಿದ್ದಾನೆ ನೋಡಿ. ಸ್ಮಿತ್ 879 ಪಂದ್ಯ ಗೆದ್ದರು. 2015ರಲ್ಲಿ ತೀರಿಕೊಂಡ ಮೇಲೆ ಅವರ ಉಯಿಲಿನ ಪ್ರಕಾರ ಅವರ ಹಳೆಯ ಆಟಗಾರರಿಗೆಲ್ಲ ತಲಾ 200 ಡಾಲರ್ ಚೆಕ್ ಬಂತು. ಹೊರಗೆ ಹೋಗಿ ಒಂದು ಊಟ ಮಾಡಿ, ಕೋಚ್ ಲೆಕ್ಕದಲ್ಲಿ, ಅಂತ. ಹೆಸರು ಮಾಡಿದವನಿಗೂ ಅಷ್ಟೇ, ಕೊನೆಯ ನಿಮಿಷದಲ್ಲಿ ಒಳಗೆ ಹೋದವನಿಗೂ ಅಷ್ಟೇ. ಯೇಸು ಹೇಳಿದ ಕಥೆಯಲ್ಲಿ ಸಂಜೆ ಕೊನೆಗೆ ಬಂದವನಿಗೂ ಅದೇ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನ ನೆನಪು ನನಗೆ ಬಂತು. ಪುಸ್ತಿಕೆಯಲ್ಲಿ ಬೆರಳು ತೋರಿಸುವ ಮಾತು ಇದೆ, ಚೆಕ್ಕಿನ ಮಾತು ಇಲ್ಲ.

ಭಾನುವಾರ ಹನ್ನೊಂದಕ್ಕೆ ಆರಾಧನೆ. ಹಾಡು ಚೆನ್ನಾಗಿತ್ತು, ಪ್ರಸಂಗ ಪುಸ್ತಿಕೆಯದೇ ಮುಂದುವರಿಕೆ. ನಾನು ಬೇರೆ ಒಂದು ಭಾನುವಾರದ ಹನ್ನೊಂದು ಗಂಟೆಯನ್ನು ನೆನೆಯುತ್ತಾ ಕೂತಿದ್ದೆ. ಈ ಶಿಬಿರದಲ್ಲಿ ಜಾನ್ ಮೆಕ್ಲೆಂಡನ್ ಅವರ ಹೆಸರನ್ನು ಒಂದು ಸಲವೂ ಹೇಳಲಿಲ್ಲ, ಇದೇ ನನ್ನ ದೊಡ್ಡ ಬೇಸರ.

ಮೆಕ್ಲೆಂಡನ್ 1930ರ ದಶಕದಲ್ಲಿ ಇದೇ ಲಾರೆನ್ಸ್‌ಗೆ ಓದಲು ಬಂದ ಕಪ್ಪು ಹುಡುಗ. ಆಗ ಕಪ್ಪು ಹುಡುಗರನ್ನು ಕಾಲೇಜಿನ ತಂಡಕ್ಕೆ ಸೇರಿಸುತ್ತಿರಲಿಲ್ಲ. ಅವನು ನೇರವಾಗಿ ನೈಸ್ಮಿತ್ ಹತ್ತಿರ ಹೋದ. ವಯಸ್ಸಾಗಿದ್ದ ನೈಸ್ಮಿತ್ ಅವನನ್ನು ಹತ್ತಿರ ಕೂರಿಸಿಕೊಂಡು ಕಲಿಸಿದರು. 1936ರಲ್ಲಿ ಪದವಿ ಪಡೆದು ಹೊರಗೆ ಬಂದ ಮೆಕ್ಲೆಂಡನ್ ನಾರ್ತ್ ಕೆರೊಲಿನಾದ ಡರಮ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಕೋಚ್ ಆದರು. ಅದೇ ಊರಿನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಬಿಳಿಯರ ಒಳ್ಳೆಯ ತಂಡ ಇತ್ತು. ಇಬ್ಬರೂ ಒಟ್ಟಿಗೆ ಆಡುವುದು ಆಗಿನ ಅಲ್ಲಿನ ಕಟ್ಟಳೆಗೆ ವಿರುದ್ಧ, ಗೊತ್ತಾದರೆ ಜೀವಕ್ಕೇ ಅಪಾಯ. ಆದರೂ 1944ರ ಮಾರ್ಚ್ 12ರಂದು ಆಡಿದರು. ಯಾವ ಹೊತ್ತಿಗೆ ಗೊತ್ತಾ? ಭಾನುವಾರ ಬೆಳಗ್ಗೆ, ಊರೆಲ್ಲ ಚರ್ಚಿನಲ್ಲಿ ಕೂತಿರುವ ಹೊತ್ತಿಗೆ. ಆಗ ಬೀದಿಯಲ್ಲಿ ನೋಡುವವರು ಇರುವುದಿಲ್ಲ ಅಂತ. ಬಾಗಿಲು ಹಾಕಿಕೊಂಡು ಆಡಿದರು. ಮೆಕ್ಲೆಂಡನ್‌ರ ಹುಡುಗರು 88–44ಕ್ಕೆ ಗೆದ್ದರು.

ಅಲ್ಲಿಗೆ ಮುಗಿಸಲಿಲ್ಲ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಎರಡೂ ತಂಡ ಕಲಸಿಕೊಂಡು, ಕಪ್ಪು ಬಿಳಿ ಎರಡೂ ಕಡೆ ಸೇರಿಸಿ, ಇನ್ನೊಂದು ಆಟ ಆಡಿದರು. ಅರ್ಧ ಶತಮಾನ ಹೊರಗಿನವರಿಗೆ ಇದು ಗೊತ್ತೇ ಇರಲಿಲ್ಲ.

ಯೇಸು ಸ್ವಾಮಿಯಲ್ಲಿ ಯೆಹೂದ್ಯ ಗ್ರೀಕ ಅಂತ ಭೇದ ಇಲ್ಲ ಅಂತ ಆ ಬೆಳಗ್ಗೆಯೂ ಡರಮ್‌ನ ಯಾವುದೋ ಪೀಠದಿಂದ ಯಾರೋ ಓದಿರಬಹುದು. ಆ ವಾಕ್ಯ ನಡೆದದ್ದು ಮಾತ್ರ ಬಾಗಿಲು ಹಾಕಿದ ಆಟದ ಮನೆಯಲ್ಲಿ. ಇದನ್ನು ಚರ್ಚಿನ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ, ನಾನು ಚರ್ಚಿನವನೇ, ಪ್ರತಿ ಭಾನುವಾರ ಹನ್ನೊಂದಕ್ಕೆ ಅಲ್ಲೇ ಇರುತ್ತೇನೆ. ಅದಕ್ಕೇ ನೋವಾಗುವುದು. ನಂಬಿಕೆಗೆ ಈ ಆಟದಿಂದ ಪಾಠ ಬೇಕು ಅಂತ ಹೊರಟವರು, ಅದೂ ಮೆಕ್ಲೆಂಡನ್ ಓದಿದ ಊರಿಗೇ ಬಂದು, ಈ ಪಾಠವನ್ನು ಬಿಡಬಾರದಿತ್ತು. ಊಟದ ಮೇಜಿನಲ್ಲಿ ನಾನು ಇದನ್ನು ಹೇಳಿದಾಗ ಹತ್ತು ಹನ್ನೆರಡು ಜನ ಚಮಚ ಕೆಳಗಿಟ್ಟು ಕೇಳಿದರು. ಕಾಲೇಜಿನ ಹುಡುಗಿಯೊಬ್ಬಳು, ಎರಡನೇ ಆಟ ಯಾರು ಗೆದ್ದರು ಅಂತ ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವರು, ಅದು ಮುಖ್ಯ ಅಲ್ಲ ಬಿಡು ಅಂದರು.

ಇನ್ನು ಮಧ್ಯಾಹ್ನದ ಆಟ. ಪುಸ್ತಿಕೆ ಬರೆದವರು ಬೇರೆ, ಇದನ್ನು ಯೋಚಿಸಿದವರು ಬೇರೆ ಇರಬೇಕು. ಒಂದು ಹಳೆಯ ಆಟದ ಮನೆ, ಹದಿನೆಂಟು ಜನ, ಒಂದು ಕಡೆಗೆ ಒಂಬತ್ತು, 1891ರ ಮೊದಲ ಆಟದ ಹಾಗೇ. ಹದಿನೈದು ನಿಮಿಷದ ಎರಡು ಸರದಿ, ಮಧ್ಯೆ ಐದು ನಿಮಿಷ. ಹತ್ತು ಅಡಿ ಮೇಲೆ ತಳ ಇರುವ ಬುಟ್ಟಿ ಕಟ್ಟಿದ್ದರು. ಪಕ್ಕದಲ್ಲಿ ಏಣಿ. ಚೆಂಡು ಬಿದ್ದರೆ ಒಬ್ಬ ಹುಡುಗ ಹತ್ತಿ ತೆಗೆದುಕೊಡಬೇಕು.

ಮೊದಲ ಐದು ನಿಮಿಷ ಬರೀ ಸೀಟಿ. ಕೈಗೆ ಚೆಂಡು ಬಂದ ತಕ್ಷಣ ಎಲ್ಲರ ಕಾಲೂ ತಾನಾಗಿ ಓಡುತ್ತದೆ, ಕೈ ತಾನಾಗಿ ಪುಟಿಸುತ್ತದೆ. ಸೀಟಿ. ನಿಲ್ಲಬೇಕು. ನಾನು ಚೆಂಡು ಹಿಡಿದು ನಿಂತೆ, ಬುಟ್ಟಿ ದೂರ, ಸುತ್ತ ಮೂರು ಜನ ಕೈ ಎತ್ತಿದ್ದಾರೆ. ನನ್ನ ಕೈಯಲ್ಲಿ ಇರುವುದರಿಂದ ನಾನೊಬ್ಬನೇ ಏನೂ ಮಾಡಲು ಆಗದು. ತಲೆ ಎತ್ತಿ ನೋಡಲೇಬೇಕು, ನಮ್ಮವರು ಯಾರು ಎಲ್ಲಿದ್ದಾರೆ ಅಂತ. ಆಗ ಕಂಡರು, ಬಲಗಡೆ ಗೋಡೆಯ ಹತ್ತಿರ ನಿಂತಿದ್ದ ನಮ್ಮ ತಂಡದ ಅಮ್ಮ. ಅರವತ್ತು ದಾಟಿದವರು, ಜೀವನದಲ್ಲಿ ಮೊದಲ ಸಲ ಬಾಸ್ಕೆಟ್‌ಬಾಲ್ ಮುಟ್ಟುತ್ತಿದ್ದಾರೆ, ಓಡಲು ಆಗದು ಅಂತ ಮೊದಲೇ ಹೇಳಿದ್ದರು. ಓಡುವ ಆಟದಲ್ಲಿ ಅವರಿಗೆ ಜಾಗವೇ ಇರುತ್ತಿರಲಿಲ್ಲ. ಇಲ್ಲಿ ಓಟವೇ ಇಲ್ಲ. ಅವರು ಖಾಲಿ ಜಾಗ ನೋಡಿ ನಿಲ್ಲುತ್ತಾರೆ, ಎರಡು ಕೈ ಮುಂದೆ ಚಾಚಿ, ಮಗುವನ್ನು ಎತ್ತಿಕೊಳ್ಳುವವರ ಹಾಗೆ. ಎಸೆದರೆ ಒಂದೂ ಬಿಡುವುದಿಲ್ಲ. ಹತ್ತು ನಿಮಿಷದೊಳಗೆ ನಮ್ಮ ಆಟ ಎಲ್ಲ ಅವರ ಮೂಲಕವೇ ಹೋಗತೊಡಗಿತು. ಚೆನ್ನಾಗಿ ಆಡುವ ಎತ್ತರದ ಹುಡುಗನೊಬ್ಬ ಇದ್ದ, ಮೊದಲಿಗೆ ಮುಖ ಗಂಟಿಕ್ಕಿಕೊಂಡಿದ್ದವನು, ಆಮೇಲೆ ಚೆಂಡು ಸಿಕ್ಕಿದಾಗಲೆಲ್ಲ ಮೊದಲು ಬಲಗಡೆ ನೋಡುತ್ತಿದ್ದ.

ಒಟ್ಟು ಮೂರೇ ಬುಟ್ಟಿ ಆಯಿತು. ಎರಡು ನಮ್ಮದು. ಎರಡನೆಯದನ್ನು ಆ ಎತ್ತರದ ಹುಡುಗ ಹಾಕಿದ, ಹಾಕಿ ತಿರುಗಿ ಅಮ್ಮನ ಕಡೆ ಬೆರಳು ತೋರಿಸಿದ. ಅವರಿಗೆ ಅದು ಯಾಕೆ ಅಂತ ಗೊತ್ತಾಗಲಿಲ್ಲ, ತಾನೇನೋ ತಪ್ಪು ಮಾಡಿದೆ ಅಂದುಕೊಂಡು ಹಿಂದೆ ನೋಡಿದರು. ಹೇಳಿದ ಮೇಲೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಪ್ರತಿ ಬುಟ್ಟಿ ಆದಾಗಲೂ ಆಟ ನಿಲ್ಲುತ್ತಿತ್ತು. ಹುಡುಗ ಏಣಿ ಹತ್ತಬೇಕಲ್ಲ. ಆ ಹೊತ್ತಿನಲ್ಲಿ ಎದುರಾಳಿಗಳ ಜೊತೆ ಮಾತು, ನೀರು, ಉಸಿರು. ಇಷ್ಟು ನಿಧಾನದ ಆಟ ಇವತ್ತು ಯಾರೂ ದುಡ್ಡು ಕೊಟ್ಟು ನೋಡುವುದಿಲ್ಲ, ಆದರೆ ಆ ನಿಲುಗಡೆಯಲ್ಲೇ ನಾನು ಎದುರಿನ ಒಂಬತ್ತು ಜನರ ಹೆಸರು ಕಲಿತದ್ದು.

ಹೋಗುವವರಿಗೆ ಕೆಲವು ಮಾತು. ಊಟ ತಣ್ಣಗಿರುತ್ತದೆ, ಸಂಜೆಯ ಪಂದ್ಯಕ್ಕೆ ಮುಂಚೆ ಏನಾದರೂ ತಿಂದುಕೊಂಡಿರಿ. ಡಿಬ್ರೂಸ್‌ನಲ್ಲಿ ಶಿಬಿರದವರು ಕೊಡುವ ಸಮಯ ಸಾಲುವುದಿಲ್ಲ, ಆಗುವುದಾದರೆ ಹಿಂದಿನ ದಿನವೇ ಹೋಗಿ ನಿಧಾನವಾಗಿ ನೋಡಿ. ನೈಸ್ಮಿತ್ ಸಮಾಧಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದಿಲ್ಲ, ಮೆಮೋರಿಯಲ್ ಪಾರ್ಕ್ ಸ್ಮಶಾನ ಅಂತ ಕೇಳಿಕೊಂಡು ನೀವೇ ಹೋಗಬೇಕು. ಮಕ್ಕಳನ್ನು ಖಂಡಿತ ಕಳಿಸಿ, ಆದರೆ ಪುಸ್ತಿಕೆಯನ್ನು ಅವರ ಜೊತೆ ಕೂತು ಓದಿ, 55–60 ಬಗ್ಗೆ, 1944ರ ಭಾನುವಾರದ ಬಗ್ಗೆ ನೀವೇ ಹೇಳಿ. ಆಟದ ಶೂ ಮರೆಯಬೇಡಿ, ವಯಸ್ಸು ಎಷ್ಟೇ ಇರಲಿ, ಆಡಲು ಆಗದು ಅಂತ ಹೊರಗೆ ಕೂರಬೇಡಿ.

ಮುಂದಿನ ಸಲದ ಶಿಬಿರಕ್ಕೆ ನಾನು ಆಗಲೇ ಹೆಸರು ಕೊಟ್ಟಿದ್ದೇನೆ. ಸಹಾಯಕ್ಕೆ ಜನ ಬೇಕು ಅಂದಿದ್ದರು, ಏಣಿಯ ಹತ್ತಿರ ನಿಲ್ಲುತ್ತೇನೆ ಅಂತ ಬರೆದೆ.